ಕಪ್ಪೆ ಎಲ್ಲೋ

ದುರ್ಗಿಗುಡಿಯಲ್ಲಿ, ಜೆರಾಕ್ಸ್ ಅಂಗಡಿಯ ಮೇಲೆ,
ಭಾನುವಾರ ಬಲಿಪೂಜೆ ಮುಗಿಸಿಕೊಂಡು ಬಂದು ನಾನು ಕ್ಲಾಸು ತೆಗೆಯುತ್ತೇನೆ.
ಐದು ಜನ ನರ್ಸ್ ಹುಡುಗಿಯರು, ನಾಲ್ಕು ಕುರ್ಚಿ.
ತಡವಾಗಿ ಬಂದವಳಿಗೆ ಅಕ್ಕಿ ಡಬ್ಬವೇ ಗತಿ.

ವ್ಯಾಕರಣ ನನ್ನದು ಅಷ್ಟಕ್ಕಷ್ಟೆ.
ನನ್ನ ಇಟಾಲಿಯನ್ ಪುಸ್ತಕದ್ದಲ್ಲ,
ಒಬ್ಬ ಮುದುಕಿಯ ಬೆನ್ನು ಒರೆಸುತ್ತ ಕಲಿತದ್ದು.
ಕೆಸರಿಗೆ, ಮಂಜಿಗೆ, ಮಂಡಿನೋವಿಗೆ, ಮಲಬದ್ಧತೆಗೆ
ಏನೆನ್ನುತ್ತಾರೆ ಕೇಳಿ, ಹೇಳುತ್ತೇನೆ.
ಪಾರ್ಲಿಮೆಂಟಿಗೆ ಏನೆನ್ನುತ್ತಾರೋ ಗೊತ್ತಿಲ್ಲ.

ಒತ್ತು ನುಂಗಬೇಡಿ, ಅನ್ನುತ್ತೇನೆ.
ನೋನ ಅಂದರೆ ಒಂಬತ್ತನೆಯದು, ನೊನ್ನ ಅಂದರೆ ಅಜ್ಜಿ.
ಇಲ್ಲಿ ಇಂಗ್ಲಿಷಿನವರು ಎಡವುತ್ತಾರೆ, ನಾವು ಎಡವುವುದಿಲ್ಲ;
ಅಪ್ಪ ಅಮ್ಮ ಅಕ್ಕ ಅಣ್ಣ ಅಂತಲೇ ಬಾಯಿ ಬಿಟ್ಟವರು.
ಕಪೆಲ್ಲೊ, ಕೂದಲು. ಕಪ್ಪೆಲ್ಲೊ, ಟೊಪ್ಪಿ.
'ಕಪ್ಪೆ ಎಲ್ಲೋ?' ಅಂದಳು
ಶಿಕಾರಿಪುರದ ಹುಚ್ಚರಾಯಪ್ಪನ ಮಗಳು ಲತಾಮಣಿ.
ನಕ್ಕು ನಕ್ಕು ಡಬ್ಬದ ಮೇಲಿದ್ದವಳು ಜಾರಿ ಬಿದ್ದಳು.

ಕಪ್ಪೆ ಗದ್ದೆಯಲ್ಲಿ ಕಣೇ, ಅಂದೆ. ಟೊಪ್ಪಿ ತಲೆ ಮೇಲೆ.
ಎರಡೂ ಎರ್ಸಿಲಿಯಾ ಅಜ್ಜಿಯ ಹದಿನೈದನೇ ವಯಸ್ಸಲ್ಲಿ.

ವೆರ್ಚೆಲ್ಲಿ ಸೀಮೆಯ ಹಳ್ಳಿ. ಸುತ್ತ ನೀರು ನಿಂತ ಬಯಲು,
ಆಚೆ ಹಿಮದ ಬೆಟ್ಟ.
ಮೊದಲ ದಿನ ಬಸ್ಸಿಳಿದು ನಾನು ಅತ್ತದ್ದು
ಮನೆ ನೆನಪಾಗಿ ಅಲ್ಲ,
ಇಷ್ಟು ದೂರ ಬಂದರೂ ಗದ್ದೆಯೇ ಎಂಬ ಸಿಟ್ಟಿಗೆ.
ಹೊಸನಗರದ ಕಡೆ ಕಂಡವರ ನೆಟ್ಟಿ ನೆಟ್ಟು ನೆಟ್ಟು
ಸೊಂಟ ಮುರಿದುಕೊಂಡವಳು ನಮ್ಮಮ್ಮ.

ಅಜ್ಜಿ ಚಾದರ ಸರಿಸಿ ಕಾಲು ತೋರಿಸಿದಳು: ಜಿಗಣೆಯ ಗುರುತು.
ನಾನು ಪ್ಯಾಂಟು ಮಡಚಿ ತೋರಿಸಿದೆ: ಉಂಬಳದ್ದು.
ಅದೇ ನಮ್ಮ ಮೊದಲ ಮಾತುಕತೆ.
ಆಮೇಲೆ ಒಂದೊಂದಾಗಿ ಪದ ಬಂದವು.
ನಲವತ್ತು ದಿನದ ಕಳೆ. ರೈಲಿನಲ್ಲಿ ತುಂಬಿ ತಂದ ಹುಡುಗಿಯರು.
ಬದುವಿನ ಮೇಲೆ ಕೋಲು ಹಿಡಿದ ಮೇಸ್ತ್ರಿ.
'ಮಾತಾಡಬೇಡಿ ಅಂದ. ಹಾಡಿದೆವು.'
ಕೂಲಿ ಒಂದಿಷ್ಟು ದುಡ್ಡು, ದಿನಕ್ಕೊಂದು ಕಿಲೋ ಅಕ್ಕಿ.

ರಿಸೊ ಅಂದರೆ ಅಕ್ಕಿ. ರಿಸೊ ಅಂದರೆ ನಗುವೂ ಹೌದು.
ಅದು ಹೇಗೆ ಮಿಸ್? ಸುಹಾನಾ ಪೆನ್ನು ಎತ್ತಿಕೊಂಡು ಕೇಳುತ್ತಾಳೆ.
ಗೊತ್ತಿಲ್ಲ. ಅಜ್ಜಿಯೂ ಯೋಚಿಸಿರಲಿಲ್ಲವಂತೆ.
ಕಿಲೋ ಲೆಕ್ಕ ಇದ್ದದ್ದು ಒಂದಕ್ಕೆ ಮಾತ್ರ.

ಇವರಿಗೆ ಹೇಳದೆ ಉಳಿಸಿಕೊಂಡದ್ದು ಒಂದಿದೆ.
ಆ ಚಳಿಗಾಲ, ಒಂದು ಮಧ್ಯಾಹ್ನ, ಗಂಜಿ ಬಡಿಸುತ್ತಿದ್ದೆ.
ಇನ್ನೊಂದು ಸೌಟು ಹಾಕಹೋದರೆ
ಅಜ್ಜಿ ತಟ್ಟೆಗೆ ಅಡ್ಡ ಕೈ ಹಿಡಿದು
'ಸಾಕು' ಅಂದಳು.

ಸೌಟು ಗಾಳಿಯಲ್ಲೇ ನಿಂತಿತು.
ಇನ್ನೊಮ್ಮೆ ಹೇಳು, ಅಂದೆ. ಸಾಕು.
ಅವಳಿಗದು ಮನೆಮಾತು. ಊರೆಲ್ಲ ಹಾಗೇ ಅನ್ನುತ್ತದೆ ಅಂದುಕೊಂಡಿದ್ದಳಂತೆ;
ಗಂಡನ ಮನೆಯಲ್ಲಿ ಸಾಕು ಸಾಕು ಅಂದರೂ
ಅತ್ತೆ ಬಡಿಸುತ್ತಲೇ ಹೋದಾಗ ತಿಳಿಯಿತಂತೆ.

ತಂದವನು ಅಣ್ಣ, ಸೆಕೊಂದೊ. ಎರಡನೆಯವ ಎಂದೇ ಹೆಸರು.
ಮರಳುಗಾಡಲ್ಲಿ ಸೋತು, ಇಂಗ್ಲಿಷರ ಕೈಗೆ ಸಿಕ್ಕು,
ಬೆಂಗಳೂರಿನ ತಂತಿಬೇಲಿಯೊಳಗೆ ಐದು ವರ್ಷ.
ತಿರುಗಿ ಬಂದವನು ಯುದ್ಧದ ಸುದ್ದಿ ಎತ್ತಲಿಲ್ಲ.
ಊಟಕ್ಕೆ ಕೂತಾಗ ಈ ಒಂದು ಪದ, ಅಷ್ಟೆ.

ಉಂಡವನ ಸಾಕೋ, ಬೇಸತ್ತವನ ಸಾಕೋ,
ಬೇಲಿಯ ಹತ್ತಿರ ಯಾರು ಕಲಿಸಿದರೋ.
ಸಾಕು ಅಂದರೆ ಪೋಷಿಸು ಅಂತಲೂ ಇದೆ ಅಜ್ಜಿ, ಅಂದೆ.
ಅವಳು ಬಾಯಿ ಒರೆಸಿಕೊಂಡಳು:
'ನಿಮ್ಮದೂ ನಮ್ಮ ಹಾಗೇ ಜಿಪುಣ ಭಾಷೆ.
ಒಂದು ಪದಕ್ಕೆ ಎರಡಾಳಿನ ಕೆಲಸ.'

ಮಿಸ್, ಬಡಿಸುವಾಗ 'ಸಾಕು' ಅನ್ನೋಕೆ ಏನಂತಾರೆ?
ಲತಾಮಣಿಯೇ ಕೇಳಿದ್ದು.
ಬಾಸ್ತಾ, ಅಂದೆ.
ಐದು ತಲೆ ಬಗ್ಗಿದವು. ಪಾಸ್ತಾ ಅಂತ ಬರೆದವಳಿಗೆ ತಿದ್ದಿದೆ.
ಇನ್ನೇನೋ ಹೇಳಲು ಬಾಯಿ ತೆರೆದೆ;
ಪರೀಕ್ಷೆಗೆ ಹನ್ನೆರಡೇ ದಿನ. ಬಿಟ್ಟೆ.
ಕೆಳಗೆ ಮಿಷನ್ನು ಯಾರದೋ ಪಹಣಿ ತೆಗೆಯುತ್ತಿತ್ತು,
ಬಿಸಿ ಬಿಸಿಯಾಗಿ, ಒಂದಾದ ಮೇಲೊಂದು,
ಅದೇ ಗದ್ದೆ, ಅದೇ ಗದ್ದೆ.